ಬಿದ್ದೇ ಇರುವ ಪ್ರಾಣಿಯನ್ನು ಕೆಡವಲು ಹೋದದ್ದು

ಮೂರನೇ ಕ್ಲಾಸಿಗೆ ಸ್ಲೇಟು ಬಿಟ್ಟು ಹಗ್ಗ ಹಿಡಿದವನು ನಾನು. ಎತ್ತಿಗೆ ಲಾಳ ಕಟ್ಟುವುದು ನನ್ನ ಕಸುಬು. ಸಂತೆಯ ದಿನ ಹೊಸದುರ್ಗ, ಹೊಳಲ್ಕೆರೆ. ಉಳಿದ ದಿನ ಐಮಂಗಲದ ಹತ್ತಿರ ಹೆದ್ದಾರಿ ಪಕ್ಕದ ಬೇವಿನ ಮರದ ಕೆಳಗೆ. ಲಾಳ ಹೊಡೆಯುವುದನ್ನು ಯಾರು ಬೇಕಾದರೂ ಕಲಿತಾರು. ಎತ್ತನ್ನು ಕೆಡವುವುದಿದೆಯಲ್ಲ, ಅದು ಕೈಗೆ ಬರಬೇಕು. ಕೊಂಬಿಗೊಂದು ಸುತ್ತು, ಎದೆಗೊಂದು, ಹೊಟ್ಟೆಗೊಂದು. ಹಿಂದಿನಿಂದ ಒಂದೇ ಸಮ ಎಳೆದರೆ ಎಂಥ ಹೋರಿಯೂ ನಿದ್ದೆ ಬಂದ ಹಾಗೆ ಕೂರುತ್ತದೆ.

ಎಪ್ಪತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ ನನ್ನ ಹಗ್ಗದಲ್ಲಿ ಒಂದು ಎತ್ತಿನ ಕಾಲು ಮುರಿಯಿತು. ನಮ್ಮೂರ ಹಿರಿಯ ಕುರಿಗಾರನ ಎತ್ತು ಅದು. ಎತ್ತೇ ಒದ್ದಾಡಿತು ಎಂದು ನಾನು ವಾದ ಮಾಡಿದೆ. ಆತ ಬೈಯಲಿಲ್ಲ. "ಅವನ ಹಗ್ಗ ಕೆಟ್ಟೈತೆ" ಎಂದಷ್ಟೇ ಹೋದಲ್ಲೆಲ್ಲ ಹೇಳಿದ. ಕುರಿ ಮೇಯಿಸುತ್ತ ತಾಳ್ಯದವರೆಗೆ ಹೋಗುವವನ ಮಾತು ಬಸ್ಸಿಗಿಂತ ಬೇಗ ಊರು ಮುಟ್ಟುತ್ತದೆ. ಎರಡು ತಿಂಗಳಲ್ಲಿ ಬೇವಿನ ಮರದ ಕೆಳಗೆ ನಾನು, ನನ್ನ ಸುತ್ತಿಗೆ, ಇಬ್ಬರೇ ಉಳಿದೆವು.

ಅದೇ ಬೇಸಿಗೆಯಲ್ಲಿ ಕೆರೆ ಇಳಿದು ತೂಬಿನ ಮುಂದಿನ ಗುಂಡಿಯಲ್ಲಷ್ಟೇ ನೀರು ನಿಂತಿತು. ಅದರಲ್ಲಿ ಮೊಸಳೆ ಕಾಣಿಸಿತು. ಹಿಂದಿನ ಮಳೆಗಾಲದಲ್ಲಿ ವೇದಾವತಿಯಿಂದ ಹಳ್ಳ ಹಿಡಿದು ಬಂದಿರಬೇಕು. ಒಂದೂವರೆ ಆಳುದ್ದ. ಕುರಿಗಾರನ ಎರಡು ಕುರಿ ಎಳೆದುಕೊಂಡಿತು. ಆಮೇಲೆ ಬಟ್ಟೆ ಒಗೆಯುತ್ತಿದ್ದ ಹೆಂಗಸಿನ ಸೆರಗಿಗೇ ಬಾಯಿ ಹಾಕಿತು. ಸೆರಗು ಹರಿಯಿತು, ಆಕೆ ಉಳಿದಳು. ಹೊಸದುರ್ಗದ ಕಡೆಯ ತೆಂಗಿನ ಸಾಹುಕಾರನೊಬ್ಬ ಕೋವಿ ಹಿಡಿದು ಬಂದ. ಜೊತೆಗೇ ಬಂದ ಫಾರೆಸ್ಟ್ ಗಾರ್ಡು, "ಗುಂಡು ಹಾರಿಸಿದರೆ ಕೇಸು. ಹೊಸ ಕಾನೂನು ಬಂದೈತೆ" ಎಂದ.

"ಹಂಗಾರೆ ನೀವೇ ಹಿಡ್ಕಂಡು ಹೋಗ್ರಿ ಸ್ವಾಮಿ" ಎಂದರು ಜನ.

"ಹಿಡಿಯೋರು ಮೇಲಿಂದ ಬರಬೇಕು. ಬರೆದು ಹಾಕಿದೀನಿ."

ಕೆರೆ ಏರಿಯ ಮೇಲೆ ನಿಂತಿದ್ದ ನಾನು ಸುಮ್ಮನಿರಲಿಲ್ಲ. "ಮೇಲಿಂದ ಯಾಕೆ ಬರಬೇಕು? ನಾನು ಹಿಡಿತೀನಿ. ಜೀವಸಹಿತ. ಎತ್ತು ಕೆಡವೋ ಇದೇ ಹಗ್ಗದಾಗೆ."

ಕುರಿಗಾರ ನನ್ನ ಕಡೆ ತಿರುಗಿ ಸಹ ನೋಡಲಿಲ್ಲ. "ಹುಷಾರಪ್ಪ, ಮೊಸಳೆಗೂ ನಾಕು ಕಾಲು ಅವೆ" ಎಂದ. ಏರಿ ತುಂಬ ನಗು. ಆ ನಗು ಹಾಗೇ ಉಳಿದರೆ ನಾನು ಕಸುಬು ಬಿಟ್ಟು ಊರು ಬಿಡಬೇಕಿತ್ತು.

ಮರುದಿನ ಬೆಳಿಗ್ಗೆ ಮೊಸಳೆ ಬಿಸಿಲು ಕಾಯಲು ಕೆಸರಿನ ದಂಡೆಗೆ ಬಂದು ಮಲಗಿತು. ನಾಲ್ಕು ಜನರನ್ನು ಕಟ್ಟಿಕೊಂಡು ಹಿಂದಿನಿಂದ ಹೋದೆ. ಗಳದ ತುದಿಯಿಂದ ಜೀರುಗುಣಿಕೆಯನ್ನು ಮೂತಿಗೆ ತೂರಿಸಿ ಮುಂಗಾಲಿನ ಹಿಂದೆ ಬಿಗಿದು, ಎತ್ತಿಗೆ ಎಳೆಯುವ ಹಾಗೆ ಒಂದೇ ಸಮ ಎಳೆದೆ. ಎಳೆಯುತ್ತಿರುವಾಗಲೇ ನನಗೆ ಹೊಳೆದದ್ದು: ನಾನು ಕೆಡವುತ್ತಿರುವುದು ಯಾವುದನ್ನು? ಎತ್ತು ನಿಂತಿರುತ್ತದೆ. ಇದು ಹುಟ್ಟಿದಾಗಿನಿಂದ ಬಿದ್ದೇ ಇರುವ ಪ್ರಾಣಿ! ಅಷ್ಟರಲ್ಲಿ ಅದು ಇದ್ದಲ್ಲೇ ಉರುಳುತ್ತ ಗಾಣದಂತೆ ಸುತ್ತತೊಡಗಿತು. ಬಾಲ ನನ್ನ ಮೊಣಕಾಲಿಗೆ ಬಡಿಯಿತು. ನಾನು ಕೆಸರಿನಲ್ಲಿ ಅಂಗಾತ, ಅದು ಕುಣಿಕೆ ಜಾರಿಸಿಕೊಂಡು ನೀರಿನಲ್ಲಿ.

ಏರಿಯ ಮೇಲಿಂದ ಯಾರೋ ಕೂಗಿದರು: "ಲೇ, ಲಾಳ ಕಟ್ಟಬೇಕು, ಕಾಲು ಎತ್ತು ಅನ್ನಲೇ ಅದಕ್ಕೆ!"

ಮನೆಯಲ್ಲಿ ನನ್ನವಳು ಮೊಣಕಾಲಿಗೆ ಅರಿಶಿನ ಹಚ್ಚುತ್ತ, "ಇಷ್ಟಕ್ಕೆ ಸಾಕು ಮಾಡ್ರಿ" ಎಂದಳು. ಸಾಕು ಮಾಡಲಿಲ್ಲ. ಎರಡು ದಿನ ಕೂತು, ಕತ್ತಾಳೆ ನಾರಿನಲ್ಲಿ ಮೊದಲಿನದಕ್ಕಿಂತ ದಪ್ಪನೆಯ ಹಗ್ಗ ಹೊಸೆದೆ. ಹೊಸೆಯುತ್ತಲೇ ಒಂದು ಮಾತು ತಲೆಗೆ ಬಂತು. ಎತ್ತು ಸುತ್ತಿದರೆ ಹಗ್ಗ ಬಿಚ್ಚುತ್ತದೆ, ಅದಕ್ಕೆ ಬಿಗಿ ಹಿಡಿಯುತ್ತೇವೆ. ಮೊಸಳೆ ಸುತ್ತಿದರೆ ತನ್ನನ್ನು ತಾನೇ ಕಟ್ಟಿಕೊಳ್ಳುತ್ತದೆ. ಸಡಿಲ ಬಿಡಬೇಕು.

ಮೂರನೆಯ ದಿನ ಹಾಗೇ ಮಾಡಿದೆ. ಹಗ್ಗದ ತುದಿ ಕೆರೆಯಂಗಳದ ಜಾಲಿ ಮರಕ್ಕೆ, ಕುಣಿಕೆ ಮೊಸಳೆಯ ಕುತ್ತಿಗೆಗೆ. ಸುತ್ತಿತು, ಸುತ್ತಿತು, ನೂಲಿನ ಕದಿರಿನಂತೆ ಹಗ್ಗ ಮೈಗೆ ಸುತ್ತಿಕೊಂಡು ಮರದ ಹತ್ತಿರ ಬಂದು ಸುಸ್ತಾಗಿ ಬಿತ್ತು. ಆದರೆ ಬಾಯಿಗೆ ಮಾತ್ರ ಇನ್ನೂ ಕಟ್ಟು ಬಿದ್ದಿರಲಿಲ್ಲ. ಹತ್ತಿರ ಕಾಲಿಟ್ಟರೆ ಫಟ್ ಎಂದು ಮುಚ್ಚುತ್ತಿತ್ತು. ಹಟಮಾರಿ ಎತ್ತಿನ ಕಣ್ಣಿಗೆ ನಾವು ಬಟ್ಟೆ ಮುಚ್ಚುತ್ತೇವೆ, ತಣ್ಣಗಾಗುತ್ತದೆ. ಟವೆಲ್ಲು ಎಸೆದೆ, ಹಲ್ಲಿಗೆ ಸಿಕ್ಕಿ ಚಿಂದಿಯಾಯಿತು. ದಪ್ಪ ಬಟ್ಟೆ ಎಂದರೆ ಅಲ್ಲಿದ್ದದ್ದು ಒಂದೇ, ಕುರಿಗಾರನ ಹೆಗಲ ಮೇಲಿನ ಕರಿಕಂಬಳಿ.

"ಕಂಬಳಿ ಕೊಡ್ರಿ" ಎಂದೆ.

"ಇದರ ಮ್ಯಾಲೆ ನಾವು ದೇವರು ಕೂರಿಸ್ತೀವಿ. ಕಂಡೋರ ಕೈಗೆ ಕೊಟ್ಟು ಕೆಸರಿಗೆ ಹಾಕಿಸಲಾ?"

"ಹಗ್ಗ ಎಷ್ಟೊತ್ತು ತಡಿತೈತೋ ಗೊತ್ತಿಲ್ಲ. ಕೊಡ್ರಿ."

ಆತ ಏರಿಯ ಮೇಲೆ ಕೋಲೂರಿ ನಿಂತ. "ಮೊದಲು ಎಲ್ಲರ ಎದುರಿಗೆ ಹೇಳು. ನನ್ನ ಎತ್ತಿನ ಕಾಲು ಹೆಂಗೆ ಮುರೀತು?"

ಮೊಸಳೆ ಉಸಿರು ಬಿಡುವುದು ಕೇಳುತ್ತಿತ್ತು. ಊರೆಲ್ಲ ನನ್ನ ಬಾಯಿ ನೋಡುತ್ತಿತ್ತು. ಎರಡು ತಿಂಗಳು ನುಂಗಿಕೊಂಡಿದ್ದನ್ನು ಆಚೆ ಹಾಕಿದೆ. "ನೆಲ ನೋಡ್ದೆ ಕೆಡವಿದೆ. ಕೆಳಗೆ ಕಲ್ಲಿತ್ತು. ತಪ್ಪು ನಂದು. ಹಗ್ಗದ್ದಲ್ಲ! ಹಗ್ಗ ಕೆಟ್ಟೈತೆ ಅಂತ ಹೇಳ್ಕಂಡು ತಿರುಗಿದ್ದು ನಿಂದು ತಪ್ಪು. ಅದನ್ನ ನೀನು ಹೇಳು."

ಆತ ಚಪ್ಪಲಿ ಬಿಟ್ಟು ಏರಿ ಇಳಿದ. "ಕಂಬಳಿ ಕೊಡಲ್ಲ. ನಾನೇ ಹಾಕ್ತೀನಿ. ನೀನು ಹಿಂದೆ ಬಾ" ಎಂದು ಕೆಸರಿಗೆ ಕಾಲಿಟ್ಟ. ಅರವತ್ತು ದಾಟಿದ ಮನುಷ್ಯ. ಕಂಬಳಿಯನ್ನು ಎರಡೂ ಕೈಯಲ್ಲಿ ಹರಡಿ, ಹಣೆಗೊತ್ತಿಕೊಂಡು, ದೇವರಿಗೆ ಗದ್ದುಗೆ ಹಾಸುವಷ್ಟೇ ನಿಧಾನವಾಗಿ ಮೊಸಳೆಯ ತಲೆಯ ಮೇಲೆ ಬಿಟ್ಟ. ಬಾಯಿ ಮುಚ್ಚಿತು. ಮೈ ನಿಂತಿತು. ನಾನು ಬೆನ್ನ ಮೇಲೆ ಬಿದ್ದು ಮೂತಿ ಅವುಚಿ ಮೂರು ಸುತ್ತು ಬಿಗಿದೆ. ಕಚ್ಚಲು ಅಷ್ಟು ಬಲವಿರುವ ಬಾಯಿಗೆ ತೆರೆಯಲು ಎಳಗರುವಿನಷ್ಟೂ ಬಲವಿಲ್ಲ ಎಂದು ನನ್ನ ಕೈಗೆ ಅವತ್ತು ತಿಳಿಯಿತು.

ಏಣಿಗೆ ಕಟ್ಟಿ ಎಂಟು ಜನ ಹೆದ್ದಾರಿಗೆ ಹೊತ್ತೆವು. ಅಲ್ಲಿಂದ ಲಾರಿಯಲ್ಲಿ ಹಿರಿಯೂರು ದಾಟಿ ಮಾರಿಕಣಿವೆ ಅಣೆಕಟ್ಟಿನ ನೀರಿಗೆ ಬಿಟ್ಟೆವು. ಬಿಡುವ ಮೊದಲು ಗಾರ್ಡು ಒಂದು ಕಾಗದ ಬರೆದು, ಹೆಬ್ಬೆಟ್ಟು ಒತ್ತು ಎಂದ. ನಿಧಾನವಾಗಿ ಅಕ್ಷರ ಕೂಡಿಸಿ ಓದಿದೆ. ಗಾರ್ಡೇ ಹಿಡಿದ, ಊರವರು ಸಹಕರಿಸಿದರು ಎಂದಿತ್ತು. "ಸರಿಯಾಗಿ ಬರೀರಿ ಸ್ವಾಮಿ, ಆಮೇಲೆ ಸೈನ್ ಹಾಕ್ತೀನಿ" ಎಂದೆ. ಎರಡನೇ ಸಲ ಸರಿಯಾಗಿ ಬರೆದ.

ಕುರಿಗಾರ ಕಂಬಳಿಯನ್ನು ತಾನೇ ಒಗೆದ. ಸಂಜೆ ನಮ್ಮ ಜಗಲಿಯ ಮುಂದೆ ನಿಂತು, "ಹಗ್ಗದ ಮಾತು ವಾಪಸ್ ತಗಂಡಿದೀನಿ. ನಿನ್ನ ಕೈ ಮಾತು ಮುಂದೆ ನೋಡಾಣ" ಎಂದು ಹೋದ. ಕ್ಷಮೆ ಅವನೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಆ ವಾರ ಬೇವಿನ ಮರದ ಕೆಳಗೆ ಜಾತ್ರೆಯ ಹಾಗೆ ಜನ. ಮೊಸಳೆ ಹಿಡಿದ ಹಗ್ಗ ಎಲ್ಲಿ, ತೋರಿಸು ಎಂದು ಒಬ್ಬರ ಮೇಲೊಬ್ಬರು. ನಾನು ಸುತ್ತಿಗೆ ಕೈಗೆತ್ತಿಕೊಂಡು ಎದ್ದು ನಿಂತೆ.

"ಹಗ್ಗ ನೋಡೋಕೆ ಬಂದೋರು ದಾರಿ ಬಿಡ್ರಿ. ಎತ್ತು ತಂದೋರು ಮುಂದೆ ಬರ್ರಿ."

ಹೆಚ್ಚು ಜನ ಚದುರಿದರು. ಮೂರು ಜೊತೆ ಎತ್ತು ನಿಂತವು.