ಗಂಜಿಯ ಸಾಲು

ಹೈಡೆಲ್‌ಬರ್ಗಿನ ನಮ್ಮ ಬೀದಿಯ ಕ್ಷೌರದಂಗಡಿಯಾಕೆ ಕತ್ತರಿ ಎತ್ತುವ ಮೊದಲು, ಎಷ್ಟು ಮಿಲಿಮೀಟರ್ ತೆಗೆಯಲಿ ಎಂದು ಕೇಳಿಯೇ ಕೇಳುತ್ತಾಳೆ. ಅಳಿದುಳಿದ ನನ್ನ ಕೇಶರಾಶಿಗೆ ಈ ಗಣಿತ ಅತಿಯಾಯಿತೆಂದು ಭಾವಿಸುವ ನಾನು, ಕನ್ನಡಕವನ್ನು ತೆಗೆದು ಮಡಿಲಲ್ಲಿಟ್ಟು, ನಿಮಗೆ ಸರಿಕಂಡಂತೆ ಮಾಡಿ ಎಂದು ಹರಕು ಜರ್ಮನ್‌ನಲ್ಲಿ ಅಪ್ಪಣೆ ಕೊಟ್ಟು ಕಣ್ಣು ಮುಚ್ಚುವುದು ವಾಡಿಕೆ. ಇದೇ ಔದಾರ್ಯವನ್ನು ಒಮ್ಮೆ ಚಿಕ್ಕಮ್ಮನ ಪುಸ್ತಕದ ವಿಷಯದಲ್ಲೂ ತೋರಿಸಿಬಿಟ್ಟೆ.

ಚಿಕ್ಕಮ್ಮ ಉಡುಪಿಯ ಹೆರಿಗೆ ಆಸ್ಪತ್ರೆಯೊಂದರಲ್ಲಿ ಆಯುಷ್ಯವಿಡೀ ದಾದಿಯಾಗಿದ್ದವಳು. ನಾನು ಹುಟ್ಟಿದ್ದೂ ಅವಳ ಕೈಯಲ್ಲೇ. ನನ್ನ ತಲೆಯ ಸುಳಿಯನ್ನು ನನ್ನಮ್ಮನಿಗಿಂತ ಮೊದಲು ಕಂಡವಳು ತಾನೆಂಬ ಜಂಬ ಅವಳಿಗೆ ಇಂದಿಗೂ ಇದೆ. ನಿವೃತ್ತಿಯ ನಂತರ, ನೆನಪಿನಲ್ಲುಳಿದ ಹೆರಿಗೆಗಳನ್ನೆಲ್ಲ ಅವಳು ನೋಟುಪುಸ್ತಕಗಳಲ್ಲಿ ಬರೆದಿಟ್ಟಳು. ಎಂಬತ್ತನೆಯ ಹುಟ್ಟುಹಬ್ಬಕ್ಕೆ ಅದನ್ನು ಅಚ್ಚು ಹಾಕಿಸುವ ಪುಣ್ಯಕಾರ್ಯವನ್ನು, ಯಾರೂ ಕೇಳದಿದ್ದರೂ, ನಾನು ಹೆಗಲಿಗೇರಿಸಿಕೊಂಡೆ.

ಬೆಂಗಳೂರಿನ ಸಂಪಾದಕಿಯೊಬ್ಬರು, ಬರೀ ಅಚ್ಚಿನ ತಪ್ಪು ನೋಡಬೇಕೋ, ವಾಕ್ಯಗಳನ್ನೂ ತಿದ್ದಬೇಕೋ, ಇಡೀ ಪುಸ್ತಕವನ್ನೇ ಹೊಸದಾಗಿ ಕಟ್ಟಬೇಕೋ ಎಂದು ವಿಚಾರಿಸಿ, ಪೂರ್ತಿ ಓದಿ ತೀರ್ಮಾನಿಸಿ ಎಂದು ಬರೆದರು. ನಾನು ಓದಿದ್ದು ಹತ್ತು ಪುಟ. ದೊಡ್ಡದೇ ಒಳ್ಳೆಯದೆಂಬ ಗ್ರಾಹಕಸಹಜ ನಂಬಿಕೆಯಿಂದ, ಮೂರನ್ನೂ ಮಾಡಿ ಎಂದೆ. ಪ್ರತಿ ಹೆರಿಗೆಯ ಕೊನೆಗೂ ‘ತಾಯಿಗೆ ಗಂಜಿ ಕೊಟ್ಟೆ’ ಎಂಬ ಸಾಲು ಬರುತ್ತದೆ, ಇರಲೋ ತೆಗೆಯಲೋ ಎಂದು ಆಕೆ ಮತ್ತೆ ಕೇಳಿದಾಗ, ನಾನು ವಾಲ್‌ಡಾರ್ಫಿನ ಆಫೀಸಿನ ಕ್ಯಾಂಟೀನಿನಲ್ಲಿ ಆಲೂಗಡ್ಡೆ ಸಲಾಡ್ ಮುಂದಿಟ್ಟುಕೊಂಡಿದ್ದೆ. ಒಂದೇ ಸಾಲನ್ನು ಎರಡು ಕಡೆ ಬರೆಯುವುದು ನಮ್ಮ ಸಾಫ್ಟ್‌ವೇರ್ ಕುಲದಲ್ಲಿ ಮಹಾಪಾತಕ. ಕಿರಿಯರು ಹಾಗೆ ಬರೆದರೆ ಗದರಿ ಅಳಿಸಿಹಾಕಿಸುವುದೇ ನನ್ನ ಉದ್ಯೋಗ. ‘ತೆಗೆಯಿರಿ’ ಎಂದು ಒಂದೇ ಪದ ಬರೆದು ಊಟ ಮುಂದುವರಿಸಿದೆ.

ಪುಸ್ತಕ ನಿಜಕ್ಕೂ ನಯವಾಗಿ ಬಂತು. ಹುಟ್ಟುಹಬ್ಬದಂದು ಬಂಧುಗಳಿಗೂ ನೆರೆಹೊರೆಗೂ ಹಂಚಿದ್ದಾಯಿತು. ವಾರ ಕಳೆದು ವಿಡಿಯೋ ಕರೆಯಲ್ಲಿ ಕಂಡ ಚಿಕ್ಕಮ್ಮ, ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ಒಂದೊಂದೇ ಪುಟ ತಿರುವುತ್ತಿದ್ದಳು.

“ಚಂದ ಉಂಟು ಮಾರಾಯ. ಆದ್ರೆ ಗಂಜಿ ಎಲ್ಲಿ? ಅಷ್ಟೂ ಹೆಂಗಸ್ರನ್ನು ನಾನು ಉಪವಾಸ ಮಲಗಿಸಿದ ಹಾಗೆ ಆಯ್ತಲ್ಲ.”

ಮತ್ತೆ ಅಚ್ಚು ಹಾಕಿಸೋಣವೆಂದೆ. ಹಂಚಿದ್ದನ್ನು ಮನೆಮನೆಗೆ ಹೋಗಿ ವಾಪಸು ಕೇಳುತ್ತೀಯಾ ಎಂದು ನಕ್ಕು ಮಾತು ಬದಲಿಸಿದಳು. ಆಮೇಲಷ್ಟೇ ನಾನು ಮೂಲಪ್ರತಿಯನ್ನು ಪೂರ್ತಿ ಓದಿದ್ದು. ಆಸ್ಪತ್ರೆಯಲ್ಲಿ ಆಗ ಊಟದ ವ್ಯವಸ್ಥೆಯೇ ಇರಲಿಲ್ಲವಂತೆ. ಗಂಜಿಯನ್ನು ಅವಳೇ ಮನೆಯಲ್ಲಿ ಬೇಯಿಸಿ ಸ್ಟೀಲಿನ ಡಬ್ಬಿಯಲ್ಲಿ ಒಯ್ಯುತ್ತಿದ್ದಳಂತೆ. ನಾನು ಹುಟ್ಟಿದ ಪುಟದ ಕೊನೆಗೂ ಆ ಸಾಲಿತ್ತು. ಆ ಬರವಣಿಗೆಗೆ ಬೇಕಾಗಿದ್ದದ್ದು ನಾಲ್ಕಾರು ಅಕ್ಷರದೋಷಗಳ ತಿದ್ದುಪಡಿ ಮಾತ್ರ. ಸಂಪಾದಕಿಯದೇನೂ ತಪ್ಪಿಲ್ಲ, ಓದುಗ ಮಿತ್ರರೇ. ಅವರು ಎರಡು ಸಲ ಕೇಳಿದ್ದರು. ನನ್ನಮ್ಮನ ಗಂಜಿಯನ್ನೂ ನಾನೇ ಕಸಿದುಕೊಂಡೆನೆಂದು ಇಂದಿಗೂ ನಾಚಿಕೆಯಾಗುತ್ತದೆ.

ಮೊನ್ನೆ ಕ್ಷೌರದಂಗಡಿಯಲ್ಲಿ, ಕತ್ತರಿಗೆ ಅಡ್ಡ ಬರುತ್ತದೆಂದು ಆಕೆ ಗೊಣಗಿದರೂ, ಕನ್ನಡಕ ತೆಗೆಯದೆ ಕುಳಿತೆ. ಆರು ಮಿಲಿಮೀಟರ್ ಎಂದೆ. ನೆತ್ತಿಯ ಸುಳಿಯಲ್ಲಿ ನಿಗುರಿ ನಿಲ್ಲುವ ನಾಲ್ಕು ಕೂದಲನ್ನು ಬೆರಳಲ್ಲಿ ಹಿಡಿದು, ಇದೊಂದು ನೋಡಲು ಚೆನ್ನಾಗಿಲ್ಲ, ತೆಗೆದುಬಿಡಲೇ ಎಂದು ಕೇಳಿದಳು. ಬೇಡ, ಅದು ಹಾಗೇ ಇರಲಿ ಎಂದೆ.