ಅಂಗಾತ ಮಲಗಿದ ಮುಚ್ಚಳ

ಫಾಂಗ್ ಮೇಷ್ಟ್ರು ದೆವ್ವದ ಕತೆ ಶುರು ಮಾಡಿದರೆ ಒಲೆಯ ಮೇಲಿನ ಕೆಟಲು ಕುದಿಯುವುದನ್ನು ನಿಲ್ಲಿಸಿ ಕಿವಿಗೊಡುತ್ತಿತ್ತು ಎಂದು ನಮ್ಮ ಲಿಂಚಿಂಗ್ ಊರಿನವರು ಹೇಳುವುದುಂಟು. ಅದು ಶುದ್ಧ ಸುಳ್ಳು. ಕೆಟಲು ಕುದಿಯುತ್ತಲೇ ಇತ್ತು, ನಡುಕಕ್ಕೆ ಅದರ ಮೂತಿ ಮಾತ್ರ ಸೊಟ್ಟಗಾಗಿತ್ತು.

ಮೇಷ್ಟ್ರ ಅಪ್ಪ, ಸತ್ತವರ ಹೆಸರಲ್ಲಿ ಸುಡುವ ಕಾಗದದ ಕುದುರೆ ಕಟ್ಟುತ್ತಿದ್ದವನು. ಮಗನಿಗೆ ಆ ಕೆಲಸ ಕೈಹತ್ತಲಿಲ್ಲ. ಇವರು ಕಟ್ಟಿದ ಕುದುರೆಯನ್ನು ಸುಟ್ಟ ಮನೆಯವರ ಕನಸಿನಲ್ಲಿ ಸತ್ತ ತಾತ ಬಂದು, ಇದು ಹಿಂದಕ್ಕೇ ನಡೆಯುತ್ತದೆ ಎಂದು ದೂರಿದನಂತೆ. ಆದರೆ ಕುದುರೆ ಒಯ್ಯಲು ಬಂದವರ ಸಂಕಟ ಕೇಳಿ ಕೇಳಿ ಊರಿನ ಅರ್ಧ ಸ್ಮಶಾನ ಅವರ ತಲೆಯಲ್ಲಿ ಬೀಡುಬಿಟ್ಟಿತು. ಇಪ್ಪತ್ತೆರಡಕ್ಕೇ ಕಾಲುವೆ ದಂಡೆಯ ಚಹಾದಂಗಡಿಯಲ್ಲಿ ಮೇಜು ಹಾಕಿ, ಕೈಯಲ್ಲೊಂದು ಮರದ ತುಂಡು ಹಿಡಿದು ಕೂತರು. ತುಂಡನ್ನು ಮೇಜಿಗೆ ಒಮ್ಮೆ ಕುಟ್ಟಿದರೆ ಕತೆ ಶುರು. ಇನ್ನೊಮ್ಮೆ ಕುಟ್ಟಿದರೆ ಅವತ್ತಿಗೆ ಅಷ್ಟೇ. ಎರಡನೆಯ ಕುಟ್ಟು ಬೀಳುತ್ತಿದ್ದುದು ಕೇಳುವವರ ಜೀವ ಬಾಯಿಗೆ ಬಂದ ಗಳಿಗೆಯಲ್ಲಿ. ಇಲ್ಲದಿದ್ದರೆ ಮಾರನೆಯ ದಿನ ಯಾರು ಬರುತ್ತಾರೆ?

ಒಂದು ಮಧ್ಯಾಹ್ನ ನೀರುದೆವ್ವದ ಕತೆ ನಡೆದಿತ್ತು. ಮುಳುಗಿ ಸತ್ತವನಿಗೆ ಬಿಡುಗಡೆ ಬೇಕಾದರೆ ಅದೇ ಜಾಗದಲ್ಲಿ ತನ್ನ ಬದಲಿಗೆ ಇನ್ನೊಬ್ಬರನ್ನು ಮುಳುಗಿಸಬೇಕಲ್ಲ? ಕತೆಯ ದೆವ್ವ ಮೆಟ್ಟಿಲ ಕೆಳಗೆ ಹೊಂಚಿ ಕೂತು, ಬಟ್ಟೆ ಒಗೆಯಲು ಬಂದ ಹೆಂಗಸನ್ನು ಹೆಸರು ಹಿಡಿದು ಕರೆಯಿತು. ಅವಳು ಬಗ್ಗಿದಳು. ಮರದ ತುಂಡು ಮೇಜಿಗೆ ಬಿತ್ತು.

ಮುಂದಿನ ಬೆಂಚಿನಲ್ಲಿದ್ದ ದೋಣಿಯವ ಹೌ ಸಾನ್ ಎದ್ದು ಬಂದ.

"ಮೇಷ್ಟ್ರೇ, ನಂಗೊಬ್ಬನಿಗೆ ಹೇಳ್ಬಿಡಿ. ಬೆಳಗಾದ್ರೆ ದೋಣಿ ಬಿಡ್ಬೇಕು. ಅವಳು ಬಿದ್ಲಾ, ಇಲ್ವಾ?"

"ನಾಳೆ ಬಾ."

"ನಾಳೆ ನಾನಿರಲ್ಲ ಅಂತಿದೀನಲ್ಲ."

"ಇರೋ ಹಾಗೆ ನೋಡ್ಕೊ."

ಅಂಗಡಿಯೆಲ್ಲ ನಕ್ಕಿತು. ಹೌ ಸಾನ್ ತನ್ನ ಬಟ್ಟಲಿನ ಮುಚ್ಚಳವನ್ನು ಅಂಗಾತ ಇಟ್ಟ. ಹಾಗಿಟ್ಟರೆ, ವಾಪಸು ಬರುತ್ತೇನೆ, ಜಾಗ ಯಾರಿಗೂ ಕೊಡಬೇಡಿ ಎಂದರ್ಥ. ಓರೆಯಾಗಿಟ್ಟರೆ ಇನ್ನಷ್ಟು ಹುಯ್ಯಿ ಎಂದು. ನೆಟ್ಟಗೆ ಮುಚ್ಚಿದರೆ ಸಾಕು, ಹೊರಟೆ ಎಂದು.

"ಹಗ್ಗ ಬಿಗಿಯಾಗಿದ್ಯಾ ನೋಡ್ಕೊಂಡ್ ಬರ್ತೀನಿ. ಆಮೇಲೆ ಮೇಷ್ಟ್ರ ಬಾಯಿ ಬಿಡಿಸ್ತೀನಿ" ಎಂದು ಮಂಜಿನೊಳಗೆ ಹೋದ. ಪಾಚಿಗಟ್ಟಿದ ಕಾಲುವೆ ಮೆಟ್ಟಿಲು. ಹೆಣ ಮೂರನೆಯ ದಿನ ಸಿಕ್ಕಿತು.

ಅಂಗಾತ ಇಟ್ಟ ಮುಚ್ಚಳವನ್ನು ಇಟ್ಟವನಲ್ಲದೆ ಬೇರೆಯವರು ಮುಟ್ಟುವಂತಿಲ್ಲ. ಅಂಗಡಿ ನಡೆಸುವ ಬಿಯಾನ್ ಕೂಡ ಮುಟ್ಟಲಿಲ್ಲ. ಹನ್ನೊಂದು ವರ್ಷ ಬಟ್ಟಲು ಅಲ್ಲೇ ಇತ್ತು. ಜಿರಲೆಗಳು ಕೂಡ ಆ ಬೆಂಚನ್ನು ಸುತ್ತಿಬಳಸಿ ಹೋಗುತ್ತಿದ್ದವು, ಅದೂ ಸಾಲಾಗಿ, ತಲೆ ತಗ್ಗಿಸಿ. ಮೇಷ್ಟ್ರು ಆ ಕತೆಯನ್ನು ಮತ್ತೆ ಎತ್ತಲಿಲ್ಲ.

ಹನ್ನೆರಡನೆಯ ವರ್ಷ, ಸತ್ತವರು ಊರು ತಿರುಗುವ ಏಳನೆಯ ತಿಂಗಳಲ್ಲಿ, ಮೇಷ್ಟ್ರ ಹೆಂಡತಿ ಗುಯ್‌ಲಾನ್ ಒಗೆದ ಬಟ್ಟೆಯ ಬುಟ್ಟಿ ಇಳಿಸುತ್ತ ಹೇಳಿದಳು:

"ಏ ಮುದುಕಾ, ಮೆಟ್ಟಿಲ ಹತ್ರ ಯಾರೋ ನನ್ನ ಹೆಸ್ರು ಹಿಡಿದು ಕರೀತಾರೆ. ಮೂರು ದಿನ ಆಯ್ತು."

"ಯಾರು?"

"ಯಾರೋ ಗಂಡಸು. ಹೊಟ್ಟೆ ಉರ್ಕೋಬೇಡ, ಈ ವಯಸ್ಸಲ್ಲಿ ಕರೆಯೋರು ಸಿಕ್ಕಿದ್ದೇ ಹೆಚ್ಚು."

"ಬಗ್ಗಿ ನೋಡಿದ್ಯಾ?"

"ಸೊಂಟ ಹಿಡ್ಕೊಂಡಿತ್ತು. ನಾಳೆ ನೋಡ್ತೀನಿ."

"ನಾಳೆ ಹೋಗ್ಬೇಡ ಕಣೇ."

"ನಿನ್ನ ನಿಲುವಂಗಿ ದೆವ್ವ ಒಗೆಯುತ್ತಾ? ಊರನ್ನ ಹೆದರಿಸಿ ಉಂಡಿದ್ದು ಸಾಕು, ನನ್ನ ಹೆದರಿಸ್ಬೇಡ."

ಗುಯ್‌ಲಾನ್‌ಳನ್ನು ತಡೆಯುವುದಕ್ಕಿಂತ ಕಾಲುವೆಯನ್ನು ಬೆಟ್ಟ ಹತ್ತಿಸುವುದು ಸುಲಭ. ಮಾರನೆಯ ದಿನ ಅವಳು ಬುಟ್ಟಿ ಎತ್ತುವ ಮೊದಲೇ ಮೇಷ್ಟ್ರು ಅಂಗಡಿಗೆ ಓಡಿ ತುಂಡು ಕುಟ್ಟಿದರು.

"ಇನ್ನೂ ಯಾರೂ ಬಂದಿಲ್ವಲ್ಲ ಮೇಷ್ಟ್ರೇ" ಎಂದ ಬಿಯಾನ್.

"ಬಂದಿದಾರೆ."

ಮುಂದಿನ ಬೆಂಚು ಒದ್ದೆಯಾಗಿತ್ತು.

ಹಿಂದಿನಿಂದ ಹೇಳಿಕೊಂಡು ಬಂದ ಆ ಕತೆಯ ಕೊನೆಯಲ್ಲಿ ದೆವ್ವ ಹೆಂಗಸನ್ನು ಎಳೆದುಕೊಳ್ಳುತ್ತದೆ. ಅದನ್ನೀಗ ಹೇಳಿದರೆ ದಾರಿ ತೋರಿಸಿಕೊಟ್ಟ ಹಾಗೆ. ಬಾಯಿಗೆ ಬಂದದ್ದನ್ನು ಹೇಳಿದರು. ಹೆಂಗಸು ಬಗ್ಗಿದಳು. ದೆವ್ವ ಅವಳ ಕೈ ಹಿಡಿಯಿತು. ಅಷ್ಟರಲ್ಲಿ ಅವಳ ಗಂಡ ಮೆಟ್ಟಿಲಿಳಿದು ಬಂದು, ತಪ್ಪು ನನ್ನದು, ಅವಳನ್ನು ಬಿಡು, ಅವಳ ಬದಲಿಗೆ ನಾನು ಬರುತ್ತೇನೆ ಎಂದ. ದೆವ್ವ ಅವನ ಮುಖ ನೋಡಿತು...

ಮೂವತ್ತೇಳು ವರ್ಷದ ಅಭ್ಯಾಸ. ಕೈ ತಾನಾಗಿ ಎದ್ದು ತುಂಡನ್ನು ಕುಟ್ಟಿಬಿಟ್ಟಿತು.

ಮೇಷ್ಟ್ರ ಮುಖ ಬೂದಿಯಾಯಿತು. ಬಿಯಾನ್ ಬಟ್ಟಲನ್ನು ತೋರಿಸಿದ. ಹನ್ನೊಂದು ವರ್ಷ ಅಂಗಾತ ಬಿದ್ದಿದ್ದ ಮುಚ್ಚಳ ಓರೆಯಾಗಿ ಕೂತಿತ್ತು.

"ಚಹಾ ಹುಯ್ಯಿ" ಎಂದರು ಮೇಷ್ಟ್ರು. "ಇನ್ನೂ ಬೇಕಂತೆ."

ಗುಯ್‌ಲಾನ್ ಮಧ್ಯಾಹ್ನ ಬುಟ್ಟಿ ಹೊತ್ತು ಬಂದು, ಇವತ್ತು ಯಾರೂ ಕರೆಯಲಿಲ್ಲ ಎಂದು ಕೊಂಚ ಬೇಜಾರಿನಿಂದಲೇ ಹೇಳಿದಳು.

ಅಂದಿನಿಂದ ಮೇಷ್ಟ್ರು ಒಂದು ದಿನವೂ ತಪ್ಪಿಸಲಿಲ್ಲ. ಜ್ವರ ಬಂದಾಗ ಹಾಸಿಗೆಸಮೇತ ಹೊತ್ತು ತರಿಸಿಕೊಂಡರು. ಒಂಬತ್ತು ವರ್ಷ ಆ ಗಂಡ ಮೆಟ್ಟಿಲ ಮೇಲೆ, ದೆವ್ವ ನೀರಲ್ಲಿ. ನಡುವೆ ನೂರೆಂಟು ಉಪಕತೆ. ದೆವ್ವ ಅವನನ್ನು ಒಪ್ಪಿತೋ ಇಲ್ಲವೋ, ಮೇಷ್ಟ್ರು ಹೇಳಲಿಲ್ಲ. ದಿನವೂ ಬೆಂಚು ಒದ್ದೆ, ದಿನವೂ ಮುಚ್ಚಳ ಓರೆ.

ಗುಯ್‌ಲಾನ್ ಎಪ್ಪತ್ತರ ಹತ್ತಿರ, ಬೆಚ್ಚಗಿನ ಹಾಸಿಗೆಯಲ್ಲಿ, ಗಂಡನನ್ನು ಬೈಯುತ್ತಲೇ ತೀರಿಕೊಂಡಳು. ಮಣ್ಣು ಮಾಡಿ ಬಂದ ಮೇಷ್ಟ್ರು ಶೋಕದ ಬಿಳಿ ಬಟ್ಟೆಯಲ್ಲೇ ಅಂಗಡಿಗೆ ಹೋಗಿ, ಆ ಒದ್ದೆ ಬೆಂಚಿನ ಮೇಲೆಯೇ ಕೂತು, ತಮಗೂ ಒಂದು ಬಟ್ಟಲು ಕೇಳಿದರು. ಪಕ್ಕಕ್ಕೆ ಬಾಗಿ ಒಂದೇ ಒಂದು ಮಾತು ಹೇಳಿದರು. ಬಿಯಾನನಿಗೆ ಕೇಳಿಸಲಿಲ್ಲ. ಆಮೇಲೆ ಎದ್ದು ಮೆಟ್ಟಿಲ ಕಡೆ ನಡೆದರು. ಮರದ ತುಂಡು ಮೇಜಿನ ಮೇಲೇ ಉಳಿಯಿತು.

ಬಿಯಾನ್ ತಿರುಗಿ ನೋಡಿದಾಗ ಹೌ ಸಾನನ ಮುಚ್ಚಳ ನೆಟ್ಟಗೆ ಮುಚ್ಚಿತ್ತು. ಬೆಂಚು ಒಣಗಿತ್ತು.

ಪಕ್ಕದಲ್ಲಿ ಮೇಷ್ಟ್ರ ಬಟ್ಟಲು. ಅದರ ಮುಚ್ಚಳ ಅಂಗಾತ ಇದೆ. ಯಾರೂ ಮುಟ್ಟಿಲ್ಲ. ಆ ಮೆಟ್ಟಿಲಲ್ಲಿ ಈಗ ಯಾರೂ ಬಟ್ಟೆ ಒಗೆಯುವುದಿಲ್ಲ. ಅಲ್ಲಿ ಕೂತರೆ ನೀರಿನೊಳಗಿಂದ ಯಾರೋ ತುಂಬ ಚೆನ್ನಾಗಿ ಒಂದು ಕತೆ ಶುರು ಮಾಡುತ್ತಾರಂತೆ.