ಬೊಗ್ಗು ಕಾಠ್ಮಂಡುವಿನಲ್ಲಿ ನಿಂತದ್ದು

ಕಾಠ್ಮಂಡುವಿನಲ್ಲಿ ಚಳಿಯಂತೂ ಇತ್ತು, ಅದರಲ್ಲಿ ಅನುಮಾನವಿಲ್ಲ. ಅಥವಾ ಈ ಜಾಕೆಟ್ಟನ್ನು ನೋಡಿದ ಮೇಲೆ ಚಳಿ ಇದ್ದಿರಬೇಕು ಎಂದು ಈಗ ತೀರ್ಮಾನಿಸುತ್ತಿದ್ದೇನೋ ಏನೋ. ಮಣಿಪಾಲದಲ್ಲಿರುವವನಿಗೆ ಇಷ್ಟು ದಪ್ಪದ ಜಾಕೆಟ್ಟು ಯಾಕೆ? ಡೆಲ್ಲಿಗೆ ಹೊರಟ ಸಹೋದ್ಯೋಗಿಯೊಬ್ಬರು "ನಿಮ್ಮಲ್ಲಿ ಬೆಚ್ಚಗಿನದ್ದು ಎಂತಾದರೂ ಉಂಟಾ?" ಎಂದು ಕೇಳಿದ್ದರಿಂದ ಮಂಚದ ಅಡಿಯ ಸೂಟ್‌ಕೇಸ್ ಎಳೆದು ತೆರೆದೆ. ಮೊದಲು ಹೊರಗೆ ಬಂದದ್ದು ವಾಸನೆ. ಒದ್ದೆ ನಾಯಿ, ಹಳೆಯ ರಬ್ಬರು, ಅವೆರಡರ ತಳದಲ್ಲಿ ಒಂದಿಷ್ಟು ಬೂತಾಯಿ ಮೀನು. ಆರು ವರ್ಷವಾಯಿತು, ಎರಡು ಸಲ ಒಗೆದದ್ದಾಯಿತು. ವಾಸನೆ ಅಷ್ಟು ದಿನ ಉಳಿಯುತ್ತದೆಯೇ, ಇಲ್ಲಾ ನನ್ನ ಮೂಗೇ ಕತೆ ಕಟ್ಟುತ್ತಿದೆಯೇ, ನೀವೇ ಹೇಳಿ.

ನೆನಪನ್ನು ನಾನು ಹೆಚ್ಚು ನಂಬುವವನಲ್ಲ. ಅದು ಮದುವೆಯ ವೀಡಿಯೋ ತೆಗೆಯುವವರ ಹಾಗೆ. ಧಾರೆಯ ಹೊತ್ತಿಗೆ ಬ್ಯಾಟರಿ ಬದಲಾಯಿಸುತ್ತಾ ಇರುತ್ತದೆ, ಊಟದ ಪಂಕ್ತಿಯಲ್ಲಿ ಹಪ್ಪಳಕ್ಕೆ ಬಾಯಿ ತೆರೆದವನನ್ನು ಮಾತ್ರ ತಪ್ಪದೆ ಹಿಡಿಯುತ್ತದೆ. ಆದ್ದರಿಂದ ಮುಂದೆ ಹೇಳುವುದರಲ್ಲಿ ಎಷ್ಟು ನಡೆದದ್ದು, ಎಷ್ಟು ನಾನು ಆಮೇಲೆ ತುಂಬಿಸಿದ್ದು ಎಂದು ಕೇಳಬೇಡಿ. ಅಕ್ಕನ ಊರು ಇನ್ನಂಜೆಯಿಂದ ಒಂದು ಬೀಗಲ್ ನಾಯಿಯನ್ನು ಕಾಠ್ಮಂಡುವಿನ ನಾಯಿ ಪ್ರದರ್ಶನಕ್ಕೆ ಕರೆದುಕೊಂಡು ಹೋದದ್ದು ಮಾತ್ರ ನಿಜ. ಅದಕ್ಕೆ ಫೋಟೋ ಉಂಟು.

ನಾಯಿ ನನ್ನದಲ್ಲ. ಅಕ್ಕನ ಗಂಡನದು. ಹೀಗೆ ಬರೆದ ಕೂಡಲೇ ತಪ್ಪಾಯಿತು, ಏಕೆಂದರೆ ಆ ನಾಯಿ ಯಾರದು ಎಂಬುದೇ ಇಲ್ಲಿನ ತಕರಾರು. ಭಾವ ಇಪ್ಪತ್ತೆರಡು ವರ್ಷ ಗಲ್ಫ್‌ನಲ್ಲಿ ಕಟ್ಟಡದ ಕೆಲಸದ ಸೂಪರ್‌ವೈಸರ್ ಆಗಿದ್ದವರು. ಅಲ್ಲಿ ಅವರು ಕೈ ಎತ್ತಿದರೆ ಕ್ರೇನು ನಿಲ್ಲುತ್ತಿತ್ತಂತೆ. ಇನ್ನಂಜೆಗೆ ವಾಪಸು ಬಂದ ಮೇಲೆ ಅವರು ಕೈ ಎತ್ತಿದರೆ ಬಸ್ಸೂ ನಿಲ್ಲುತ್ತಿರಲಿಲ್ಲ. ಬರುವುದಕ್ಕೆ ಎರಡು ವರ್ಷ ಮೊದಲು, ಅಕ್ಕನಿಗೆ ಜೊತೆಯಾಗಲಿ ಎಂದು ಕಾರ್ಕಳದ ಒಬ್ಬರಿಂದ ಮರಿ ಕೊಡಿಸಿದ್ದರು. ಶುದ್ಧ ತಳಿ. ಕಾಗದದಲ್ಲಿ ಅದರ ಹೆಸರು ಒಂದೂವರೆ ಸಾಲು. ಅಕ್ಕ ಬೊಗ್ಗು ಎಂದು ಕರೆದಳು, ಮೀನಿನ ತಲೆ ಹಾಕಿ ಸಾಕಿದಳು. ಭಾವ ಪೆಟ್ಟಿಗೆ ಇಳಿಸಿ ಅಂಗಳಕ್ಕೆ ಕಾಲಿಟ್ಟಾಗ ಬೊಗ್ಗು ಅವರನ್ನು ಮನೆಗೆ ಬಂದ ನೆಂಟರೆಂದು ತಿಳಿಯಿತು. ಆರು ತಿಂಗಳು ಕಳೆದರೂ ಆ ಅಭಿಪ್ರಾಯ ಬದಲಾಗಲಿಲ್ಲ.

"ಬೊಗ್ಗು, ಬಾ ಇಲ್ಲಿ," ಎಂದು ಭಾವ ಕರೆದರೆ ಅದು ತಿರುಗಿ ಅಕ್ಕನ ಮುಖ ನೋಡುತ್ತಿತ್ತು. ಅಕ್ಕ ಮಲ್ಲಿಗೆ ಕಟ್ಟುತ್ತಾ, ಬಾಳೆನಾರಿನಿಂದ ಕಣ್ಣೆತ್ತದೆ, "ಹೋಗು, ಅವರು ಕರೀತಿದ್ದಾರಲ್ಲ," ಎಂದರೆ ಮಾತ್ರ ಹೋಗುತ್ತಿತ್ತು. ನಗಬೇಡಿ. ಆ ಮನೆಯಲ್ಲಿ ಭಾವ ಏನಾದರೂ ಹೇಳಿದರೆ ನಾನೂ ಮೊದಲು ಅಕ್ಕನ ಮುಖವನ್ನೇ ನೋಡುತ್ತಿದ್ದೆ.

ಈ ಪ್ರದರ್ಶನಗಳನ್ನು ನೀವು ನೋಡಿಲ್ಲವಾದರೆ ಹೇಳುತ್ತೇನೆ. ಅಲ್ಲಿ ನಾಯಿ ಬೆಂಕಿಯ ಬಳೆಯೊಳಗೆ ಹಾರಬೇಕಾಗಿಲ್ಲ, ಕಳ್ಳನನ್ನು ಹಿಡಿಯಬೇಕಾಗಿಲ್ಲ. ಆ ತಳಿಯ ನಾಯಿ ಹೇಗಿರಬೇಕೆಂದು ಬರೆದಿಟ್ಟಿದ್ದಾರೋ ಅದಕ್ಕೆ ಈ ನಾಯಿ ಎಷ್ಟು ಹತ್ತಿರ ಎಂದು ತೀರ್ಪುಗಾರರು ನೋಡುತ್ತಾರೆ. ಹಲ್ಲು ನೋಡುತ್ತಾರೆ. ಬೆನ್ನು ತಡವುತ್ತಾರೆ. ಗಂಡಾದರೆ ಮತ್ತೊಂದು ಜಾಗದಲ್ಲೂ ಕೈಯಾಡಿಸಿ ಎಣಿಸುತ್ತಾರೆ. ಲೆಕ್ಕ ಎರಡು ಬರಬೇಕು. ಓಡಿಸಿ ನಡಿಗೆ ನೋಡುತ್ತಾರೆ. ಕೊನೆಗೆ ನಿಲ್ಲಿಸುತ್ತಾರೆ. ನಾಲ್ಕು ಕಾಲು ಸರಿಯಾಗಿ ಊರಿ, ಕತ್ತು ಎತ್ತಿ, ಬಾಲ ಮೇಲೆ ಮಾಡಿ ನಿಲ್ಲಬೇಕು. ಈ ನಿಲ್ಲುವುದರಲ್ಲಿಯೇ ಇರುವುದು ಎಲ್ಲ.

ಬೊಗ್ಗುವಿನ ಮೈಕಟ್ಟು ಚೆನ್ನಾಗಿದೆ ಎಂದು ಯಾರೋ ಹೇಳಿದ್ದೇ ತಡ, ಭಾವ ಅದನ್ನು ಮಂಗಳೂರಿಗೆ ಕರೆದೊಯ್ದರು. ಬೊಗ್ಗು ಕೂತಿತು. ಬೆಂಗಳೂರಿಗೆ ಕರೆದೊಯ್ದರು. ಅಲ್ಲಿ ಅಂಗಾತ ಮಲಗಿ ತೀರ್ಪುಗಾರರಿಗೆ ಹೊಟ್ಟೆ ತೋರಿಸಿತು. ವಾಪಸು ಬರುವಾಗ ಭಾವ ನನ್ನೊಡನೆ ಹೇಳಿದ ಮಾತು ನೆನಪಿದೆ, ಅಥವಾ ಅವರು ಹೇಳಿರಬೇಕಾದ ಮಾತು ನೆನಪಿದೆ:

"ನನಗೆ ಕಪ್ ಬೇಡ ಮಾರಾಯ. ಹತ್ತು ಜನರ ಎದುರು ಒಂದು ಸಲ ನಾನು ನಿಲ್ಲು ಅಂದಾಗ ಅದು ನಿಲ್ಲಬೇಕು. ಅಷ್ಟೇ."

ಅದಕ್ಕಾಗಿಯೇ ಕಾರ್ಕಳದಿಂದ ಮಾಸ್ಟ್ರು ಬಂದರು. ಶಾಲೆಯಲ್ಲಿ ಡ್ರಿಲ್ ಮಾಡಿಸುತ್ತಿದ್ದವರು, ನಿವೃತ್ತಿಯ ನಂತರ ಪ್ರದರ್ಶನದ ನಾಯಿಗಳನ್ನು ಪಳಗಿಸುತ್ತಿದ್ದರು. ಅಂಗಳದಲ್ಲಿ ಮೇಜು ಹಾಕಿಸಿ ಬೊಗ್ಗುವನ್ನು ಮೇಲೆ ನಿಲ್ಲಿಸಿದರು. ಬೊಗ್ಗು ಹಳೆಯ ಹಾಸಿಗೆಯ ಹಾಗೆ ಮಡಚಿಕೊಂಡಿತು. ಎತ್ತಿ ನಿಲ್ಲಿಸಿದರು, ಮಡಚಿಕೊಂಡಿತು. ಅಷ್ಟರಲ್ಲಿ ಗೇಟಿನ ಹತ್ತಿರ 'ಪೋಂವ್' ಎಂದು ಒಂದು ಸದ್ದು. ಒಡನೆ ಬೊಗ್ಗು ಎದ್ದಿತು. ನಾಲ್ಕು ಕಾಲು ನಾಲ್ಕು ಕಂಬ, ಕತ್ತು ನೆಟ್ಟಗೆ, ಬಾಲ ಆಕಾಶಕ್ಕೆ. ಉಸಿರಾಡುತ್ತಿದೆಯೋ ಇಲ್ಲವೋ ಎನ್ನುವಷ್ಟು ಸ್ತಬ್ಧ.

"ಇದೇ! ಇದೇ ಬೇಕಾದ್ದು!" ಮಾಸ್ಟ್ರು ಕೂಗಿದರು. "ಈಗ ಎಂತ ಮಾಡಿದ್ರಿ ಶೆಟ್ರೇ?"

"ನಾನು ಎಂತದೂ ಮಾಡ್ಲಿಲ್ಲ. ಮೀನು ಬಂತು," ಎಂದರು ಭಾವ.

ಎರ್ಮಾಳಿನ ಸದಾನಂದಣ್ಣ ದಿನಾ ಸ್ಕೂಟರಿನಲ್ಲಿ ಮೀನು ತರುವವರು. ಹ್ಯಾಂಡಲಿಗೆ ಕಟ್ಟಿದ್ದು ರಬ್ಬರ್ ಉಂಡೆಯ ಹಳೆಯ ಹಾರ್ನು. ಉಂಡೆ ಒಂದು ಕಡೆ ಬಿರುಕು ಬಿಟ್ಟಿದ್ದರಿಂದ ಅದರ ಸ್ವರ ಶೀತವಾದವರು ಮೂಗಿನಲ್ಲಿ ಕರೆದಂತಿತ್ತು. ಭಾವ ಅಂದೇ ಕಾಪುವಿಗೆ ಹೋಗಿ ಅಂಥದೇ ಹೊಸ ಹಾರ್ನು ತಂದು ಒತ್ತಿದರು. ಬೊಗ್ಗು ಆಕಳಿಸಿತು. ಆ ಬಿರುಕಿನ ಸ್ವರವೇ ಬೇಕಿತ್ತು ಅದಕ್ಕೆ.

ನೇಪಾಳದ ವಿಚಾರ ಬಂದದ್ದು ಥಾಪಾನಿಂದ. ಗಲ್ಫ್‌ನಲ್ಲಿ ಭಾವನ ಜೊತೆ ಒಂದೇ ಕೋಣೆಯಲ್ಲಿದ್ದವನು, ಈಗ ಕಾಠ್ಮಂಡುವಿನಲ್ಲಿ ಅಂಗಡಿ ಇಟ್ಟಿದ್ದ. ಇಲ್ಲಿ ಪ್ರದರ್ಶನ ಉಂಟು, ಬನ್ನಿ ಎಂದು ಫೋನು ಮಾಡಿದ. ಅಷ್ಟು ದೂರ ಯಾಕೆ ಎಂದು ಅಕ್ಕ ಕೇಳಿದ್ದಕ್ಕೆ ಭಾವ ಕೊಟ್ಟ ಕಾರಣ ಇದು: "ಮಂಗಳೂರಲ್ಲಿ ಸೋತರೆ ನಾನು ಬರುವ ಮೊದಲೇ ಸುದ್ದಿ ಇನ್ನಂಜೆಗೆ ಬರ್ತದೆ. ನೇಪಾಳದಲ್ಲಿ ಸೋತರೆ ಯಾರಿಗೆ ಗೊತ್ತಾಗ್ತದೆ?"

ಸದಾನಂದಣ್ಣ ಹಾರ್ನು ಕೊಡಲು ಸುಲಭದಲ್ಲಿ ಒಪ್ಪಲಿಲ್ಲ. "ಅದು ಕೊಟ್ಟು ನಾನೆಂತ ಬಾಯಲ್ಲಿ ಊದುವುದಾ ಶೆಟ್ರೇ? ನಿಮ್ಮ ನಾಯಿಗೆ ಫಾರಿನ್, ನನಗೆ ಉಪವಾಸವಾ?" ಕೊನೆಗೆ, ಕಾಪುವಿನ ಹೊಸ ಹಾರ್ನು ಅವರಿಗೆ, ಹಳೆಯದು ಹನ್ನೆರಡು ದಿನಕ್ಕೆ ನಮಗೆ ಎಂದಾಯಿತು. ನಾವು ಹೊರಟ ಮರುದಿನದಿಂದಲೇ ಅವರ ಧ್ವನಿ ಸಂದೇಶಗಳು ಬರತೊಡಗಿದವು. ಹೊಸ ಸ್ವರ ಕೇಳಿ ಯಾರೂ ಮನೆಯಿಂದ ಹೊರಗೆ ಬರುತ್ತಿರಲಿಲ್ಲವಂತೆ. "ಐಸ್‌ಕ್ಯಾಂಡಿಯವ ಅಂತ ಮಕ್ಕಳು ಬರ್ತಾರೆ ಮಾರ್ರೆ! ಬಂಗುಡೆ ನೋಡಿ ಕೂಗ್ತಾ ಓಡ್ತಾರೆ. ನೀವು ಯಾವಾಗ ಬರುವುದು?"

ಪ್ರಯಾಣದ ಬಗ್ಗೆ ನನ್ನ ನೆನಪು ಕೆಲಸಕ್ಕೆ ಬಾರದ್ದು. ನಾಯಿಯನ್ನು ಜೊತೆಗಿಟ್ಟುಕೊಳ್ಳಬೇಕೆಂದು ಭಾವ ರೈಲಿನ ಫಸ್ಟ್ ಕ್ಲಾಸಿನಲ್ಲಿ ಇಬ್ಬರೇ ಇರುವ ಕೋಣೆ ಹಿಡಿದಿದ್ದರು. ಬೊಗ್ಗು ಕೆಳಗಿನ ಬರ್ತಿನಲ್ಲಿ ಮಲಗಿತು, ನಾನು ಅದರ ಕಾಲ ಬುಡದಲ್ಲಿ ಕೂತೆ. ಗಡಿಯಲ್ಲಿ ಒಬ್ಬ ಅಧಿಕಾರಿ ಬೊಗ್ಗುವಿನ ಚುಚ್ಚುಮದ್ದಿನ ಪುಸ್ತಕವನ್ನು ಪೂರ್ತಿ ಓದಿದರು. ನನ್ನ ಗುರುತಿನ ಚೀಟಿಯನ್ನು ನೋಡಿದ್ದು ಅರ್ಧ ನಿಮಿಷ. ಹಾರ್ನನ್ನು ಎತ್ತಿ ಹಿಡಿದು ಇದೇನು ಎಂದು ಕೇಳಿದರು. ಭಾವ ತಮ್ಮ ಗಲ್ಫ್ ಹಿಂದಿಯಲ್ಲಿ ನಾಯಿಯ ಸಾಮಾನು ಎಂದರು. ಅವರು ಒಂದು ಸಲ ಒತ್ತಿ ನೋಡಿದರು. ಬೊಗ್ಗು ಎರಡು ದೇಶಗಳ ನಡುವೆ ಕಂಬದ ಹಾಗೆ ನಿಂತಿತು. ಭಾವನ ಕಣ್ಣು ಹೊಳೆಯಿತು.

ಆ ಹೊಳಪು ಪ್ರದರ್ಶನದ ಬೆಳಿಗ್ಗೆಯವರೆಗೆ ಇತ್ತು. ನಮ್ಮ ಯೋಜನೆ ಸರಳ. ಭಾವ ರಿಂಗಿನೊಳಗೆ ಬೊಗ್ಗುವನ್ನು ಹಿಡಿದಿರುವುದು. ನಾನು ಹಗ್ಗದ ಹೊರಗೆ ಜನರ ನಡುವೆ ನಿಂತು, ಥಾಪಾ ಕೊಟ್ಟ ಈ ಜಾಕೆಟ್ಟಿನೊಳಗೆ ಹಾರ್ನು ಅಡಗಿಸಿಕೊಂಡು, ಸರಿಯಾದ ಹೊತ್ತಿಗೆ ಒಂದು ಸಲ ಒತ್ತುವುದು. ಇದನ್ನು ಕೇಳಿ ಥಾಪಾ ಕೈಯಲ್ಲಿದ್ದ ಚಹಾ ಚೆಲ್ಲಿಕೊಂಡ. ಹೊರಗಿನಿಂದ ಸದ್ದು ಮಾಡಿ ನಾಯಿಯ ಗಮನ ಸೆಳೆಯುವಂತಿಲ್ಲ, ಕಂಡರೆ ಹೊರಗೆ ಹಾಕುತ್ತಾರೆ ಎಂದ. ಅದರ ಮೇಲೆ, ಆ ಊರಿನಲ್ಲಿ ವಾಹನಗಳೂ ಸುಮ್ಮಸುಮ್ಮನೆ ಹಾರ್ನು ಹೊಡೆಯುವಂತಿಲ್ಲವಂತೆ. ಭೂಮಿಯ ಮೇಲೆ ಇಷ್ಟು ಊರುಗಳಿರುವಾಗ ನಾವು ಹಾರ್ನು ಹೊತ್ತುಕೊಂಡು ಬಂದದ್ದು ಅಲ್ಲಿಗೆ.

ಭಾವ ಬಗ್ಗಿ ಕೆಳಗೆ ನೋಡಿದರು. ಬೊಗ್ಗು ಅವರ ಬೂಟಿನ ಮೇಲೆ ಕೂತಿತ್ತು.

"ಬೇಡ," ಎಂದರು. "ಹಾರ್ನು ಬೇಡ."

"ಮೆಲ್ಲಗೆ ಒತ್ತುತ್ತೇನೆ ಭಾವ. ಒಂದೇ ಸಲ."

"ಅದಕ್ಕಲ್ಲ ಮಾರಾಯ. ಹಾರ್ನಿಗೆ ನಿಂತರೆ ಅದು ಸದಾನಂದನಿಗೆ ನಿಂತ ಹಾಗೆ. ನನಗೆ ನಿಂತ ಹಾಗೆ ಆಯ್ತಾ? ನೀನು ಒತ್ತಬೇಡ. ಒತ್ತುವುದಿಲ್ಲ ಅಂತ ಹೇಳು."

"ಒತ್ತುವುದಿಲ್ಲ," ಎಂದೆ. ಈ ಮಾತು ಆಡಿದ್ದು ಮಾತ್ರ ಖಚಿತ. ಹಾರ್ನು ಮಾತ್ರ ಜಾಕೆಟ್ಟಿನೊಳಗೆ, ಕಂಕುಳಲ್ಲೇ ಉಳಿಯಿತು.

ನಾಲ್ಕು ಬೀಗಲ್‌ಗಳಿದ್ದವು. ತೀರ್ಪುಗಾರರು ಎತ್ತರದ ಹೆಂಗಸು, ಥಾಯ್ಲೆಂಡಿನವರೆಂದು ನಾನು, ಫಿಲಿಪೈನ್ಸಿನವರೆಂದು ಭಾವ, ಇಂದಿಗೂ ವಾದ ನಡೆಯುತ್ತದೆ. ಮೇಜಿನ ಮೇಲೆ ಬೊಗ್ಗುವಿನ ಹಲ್ಲು ನೋಡಿದರು, ಬಗ್ಗಿ ಮೂಸಿದವರು ಸ್ವಲ್ಪ ಹಿಂದೆ ಸರಿದರು. ಬಾಯಲ್ಲಿ ಒಣಮೀನು ಇತ್ತು. ಎರಡರ ಲೆಕ್ಕ ಸರಿ ಬಂತು. ಓಡುವುದೂ ಚೆನ್ನಾಗಿಯೇ ಆಯಿತು. ಆಮೇಲೆ ನಾಲ್ಕು ನಾಯಿಗಳನ್ನು ಸಾಲಾಗಿ ನಿಲ್ಲಿಸಿದರು. ಉಳಿದ ಮೂರು ನಿಂತವು. ಬೊಗ್ಗುವಿನ ಹಿಂಭಾಗ ನಿಧಾನವಾಗಿ ಇಳಿಯತೊಡಗಿತು, ಲಿಫ್ಟು ಕೆಳಗಿನ ಮಹಡಿಗೆ ಹೋಗುವ ಹಾಗೆ. ಅಕ್ಕನ ಮುಖ ಎಲ್ಲಿ ಎಂದು ಅದು ಆಚೀಚೆ ನೋಡಿತು. ಭಾವ ಕೈ ಎತ್ತಿದರು. ಕ್ರೇನು ನಿಲ್ಲಿಸುವಾಗ ಎತ್ತುತ್ತಿದ್ದ ಕೈ ಅದೇ ಇರಬೇಕು. "ಬೊಗ್ಗು," ಎಂದರು. ಕರೆದ ಹಾಗಿರಲಿಲ್ಲ ಅದು, ಕೇಳಿಕೊಂಡ ಹಾಗಿತ್ತು.

ಇಲ್ಲಿಂದ ನನ್ನ ಬಳಿ ಎರಡು ನೆನಪುಗಳಿವೆ. ಒಂದರಲ್ಲಿ ನಾನು ಉಸಿರು ಬಿಗಿಹಿಡಿದು ನಿಂತಿದ್ದೇನೆ, ಅಷ್ಟೇ. ಇನ್ನೊಂದರಲ್ಲಿ ನನ್ನ ಕಂಕುಳು ತಾನಾಗಿ ಬಿಗಿಯುತ್ತದೆ, ದಪ್ಪ ಬಟ್ಟೆಯ ಒಳಗೆ ಬಿರುಕಿನ ಉಂಡೆ ಸಣ್ಣಗೆ ನರಳುತ್ತದೆ. ಮನುಷ್ಯರ ಕಿವಿಗೆ ಬೀಳುವಷ್ಟಲ್ಲ. ನಾಯಿಯ ಕಿವಿ ಬೇರೆ.

ಎರಡರಲ್ಲೂ ಬೊಗ್ಗು ನಿಲ್ಲುತ್ತದೆ. ಲಿಫ್ಟು ಮೇಲೆ ಬರುತ್ತದೆ. ಕಾಲು, ಕತ್ತು, ಬಾಲ, ಎಲ್ಲ. ಅದು ನೋಡುತ್ತಿದ್ದದ್ದು ಭಾವನನ್ನೋ, ಅವರ ಹೆಗಲಾಚೆ ಇದ್ದ ನನ್ನನ್ನೋ? ನಾವಿಬ್ಬರೂ ಒಂದೇ ಗೆರೆಯಲ್ಲಿದ್ದೆವು. ಎರಡನೆಯ ಸ್ಥಾನ ಬಂತು. ಭಾವ ರಿಬ್ಬನ್ನನ್ನು ಜೇಬಿಗೆ ತುರುಕಿ, ನೆಲದಲ್ಲಿ ಕೂತು, ಕೋಟು ಹಾಕಿದ ಅಷ್ಟು ಜನರ ಎದುರು ನಾಯಿಯ ಕಿವಿ ಹಿಡಿದು ತುಳುವಿನಲ್ಲಿ ಹೇಳುತ್ತಿದ್ದರು: ನಿಂತೆಯಲ್ಲ ಮಾರಾಯ, ನಿಂತೆಯಲ್ಲ.

ಥಾಪಾ ಮೊಬೈಲಿನಲ್ಲಿ ಎಲ್ಲವನ್ನೂ ಹಿಡಿದಿದ್ದ. ಊರಿಗೆ ಬಂದ ಮೇಲೆ ಅಕ್ಕ ಅದನ್ನು ಎರಡು ಸಲ ನೋಡಿದಳು. ಬೇಕಾದ ಗಳಿಗೆಯಲ್ಲಿ ಧ್ವನಿವರ್ಧಕದಲ್ಲಿ ಯಾರೋ ಮುಂದಿನ ತಳಿಯ ಹೆಸರು ಕೂಗುತ್ತಿದ್ದರು, ಬೇರೇನೂ ಕೇಳಿಸುವುದಿಲ್ಲ. ಅಕ್ಕ ನಾಯಿಯನ್ನು ನೋಡಲಿಲ್ಲ, ವೀಡಿಯೋದ ಮೂಲೆಯಲ್ಲಿ ನಿಂತಿದ್ದ ನನ್ನನ್ನು ನೋಡಿದಳು.

"ನಿನ್ನ ಕೈ ಎಲ್ಲಿ ಉಂಟು?"

"ಜಾಕೆಟ್ಟಿನ ಒಳಗೆ. ಚಳಿಯಲ್ವಾ ಅಕ್ಕ."

"ಹೌದಾ," ಎಂದಳು. ಹಾರ್ನನ್ನು ಸದಾನಂದಣ್ಣನಿಗೆ ಅವಳೇ ಕೊಂಡುಹೋಗಿ ಕೊಟ್ಟಳು. ಮತ್ತೆ ಆ ಮಾತು ಎತ್ತಲಿಲ್ಲ. ಭಾವನೂ ಬೇರೆ ಯಾವ ಪ್ರದರ್ಶನಕ್ಕೂ ಹೋಗಲಿಲ್ಲ.

ಜಾಕೆಟ್ಟಿನ ವಾಸನೆ ಮೂಗಿಗೆ ಬಡಿದ ಮೇಲೆ ನನಗೆ ಸುಮ್ಮನಿರಲಾಗಲಿಲ್ಲ. ಹೇಳಿಬಿಡಬೇಕು, ಒತ್ತಿರಲೂಬಹುದು ಎಂದಾದರೂ ಹೇಳಬೇಕು ಎಂದು ಮೊನ್ನೆ ಭಾನುವಾರ ಇನ್ನಂಜೆಗೆ ಹೋದೆ. ದಾರಿಯುದ್ದಕ್ಕೂ ವಾಕ್ಯ ಕಟ್ಟಿದೆ, ಬರೆಯುವವರ ಕೆಟ್ಟ ಚಟ. ಬೊಗ್ಗುವಿಗೆ ವಯಸ್ಸಾಗಿದೆ, ಮೂತಿ ಬಿಳಿಯಾಗಿದೆ, ಹಿಂಗಾಲಿಗೆ ಬಲವಿಲ್ಲ. ಅಕ್ಕನ ಕಾಲ ಬುಡದಲ್ಲಿ ಮಲಗಿತ್ತು. ಭಾವ ಬಚ್ಚಲಿನಿಂದ ಟವೆಲು ಸುತ್ತಿಕೊಂಡು ಹೊರಗೆ ಬಂದರು. ಕರೆಯಲಿಲ್ಲ, ಕೈ ಎತ್ತಲಿಲ್ಲ. ಬೊಗ್ಗು ಯಾರ ಮುಖವನ್ನೂ ನೋಡದೆ ಎದ್ದಿತು. ಎರಡು ಸಲ ಜಾರಿತು. ಅಂಗಳ ದಾಟಿ ಹೋಗಿ ಅವರ ಒದ್ದೆ ಕಾಲಿಗೆ ಒರಗಿ ನಿಂತಿತು.

"ಇದು ಯಾವಾಗಿನಿಂದ?" ಎಂದು ಅಕ್ಕನನ್ನು ಕೇಳಿದೆ. ವರ್ಷಕ್ಕೊಮ್ಮೆ ಬಂದು ಊಟ ಮಾಡಿ ಹೋಗುವ ನನ್ನ ಕಣ್ಣಿಗೆ ಇದು ಬಿದ್ದಿರಲಿಲ್ಲ.

"ನೇಪಾಳದಿಂದ ಬಂದಲ್ಲಿಂದ ಹೀಗೇ. ಈಗ ನಾನು ಕರೆದರೆ ಇವರ ಮುಖ ನೋಡ್ತದೆ," ಎಂದಳು. ದೂರುವ ಧ್ವನಿ, ಆದರೆ ದೂರು ಇರಲಿಲ್ಲ.

ಭಾವ ನನ್ನನ್ನು ಕಂಡು, "ಎಂತ ಮಾರಾಯ, ಅಪರೂಪಕ್ಕೆ? ಏನಾದರೂ ಹೇಳಲಿಕ್ಕಿತ್ತಾ?" ಎಂದರು.

"ಇಲ್ಲ ಭಾವ, ಸುಮ್ಮನೆ ಬಂದೆ," ಎಂದೆ.

ಅವರು ಒಂದು ಗಳಿಗೆ ಹೆಚ್ಚು ಹೊತ್ತು ನನ್ನನ್ನು ನೋಡಿದರು, ಅಥವಾ ನನಗೆ ಹಾಗೆ ಕಂಡಿತು. ನಾನು ಒತ್ತಿದೆನೋ ಇಲ್ಲವೋ, ನನಗೆ ಗೊತ್ತಿಲ್ಲ. ಅವರಿಗೆ ಗೊತ್ತಿದೆಯೋ ಎಂಬುದೂ ಗೊತ್ತಿಲ್ಲ.